ಅಕ್ಕಲಕೋಟ ರಸ್ತೆಯಲ್ಲಿ ತಿಳಿದ ಕೆಮಿಸ್ಟ್ರಿ

ಎರಡು ವರ್ಷದ ಹಿಂದಿನ ಮಾತು. ತೊಗರಿಯ ಬಾಕಿ ಹಣ ತರಲೆಂದು ದುಧನಿ ಮಾರ್ಕೆಟಿಗೆ ಹೋದವನು, ಹಾಗೇ ಅಕ್ಕಲಕೋಟ ಮೇಲೆ ಸೊಲ್ಲಾಪುರಕ್ಕೆ ನಡೆದೆ. ಅಕ್ಕಲಕೋಟ ರಸ್ತೆ ಎಂಐಡಿಸಿಯ ಹತ್ತಿರ ನಮ್ಮ ಸೋದರಮಾವನ ಮನೆ ಇದೆ. ನನ್ನ ತಂಗಿಯ ಮಗಳು ಅಲ್ಲೇ ಇದ್ದುಕೊಂಡು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಳು. ನಾನು ಹೋದಾಗ ಹುಡುಗಿ ಮೂಲೆ ಹಿಡಿದು ಕೂತಿದ್ದಳು. ಕೆಮಿಸ್ಟ್ರಿಯ ಮೊದಲ ಒಳಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು ಅಂಕ ಬಂದಿತ್ತು.

“ಮಾಮಾ, ನನ್ನ ಕೈಲಿ ಇದು ಆಗಂಗಿಲ್ಲ. ಊರಿಗಿ ಕರಕೊಂಡು ಹೋಗ್ರಿ. ಬಿ.ಎ.ಗೆ ಹಚ್ಚಿಬಿಡ್ರಿ” ಅಂದಳು.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಕೆಮಿಸ್ಟ್ರಿ ಹೇಳಿಕೊಡುವ ಯೋಗ್ಯತೆ ನನಗೆಲ್ಲಿಯದು? ಆದರೆ ಹತ್ತನೇ ಇಯತ್ತೆಯಲ್ಲಿ ಇಡೀ ಶಾಲೆಗೆ ಎರಡನೆಯವಳಾಗಿ ಬಂದ ಹುಡುಗಿ ಎರಡೇ ತಿಂಗಳಲ್ಲಿ ದಡ್ಡಿಯಾದಳು ಅಂದರೆ ನಂಬುವುದು ಹ್ಯಾಗೆ? ಅವಳ ಪುಸ್ತಕ, ಜರ್ನಲ್ ಎರಡನ್ನೂ ಇಸಿದುಕೊಂಡು ಎದುರಿಗೆ ಕೂಡಿಸಿದೆ. “ತಿಳಿಯದ್ದು ಯಾವುದು, ಒಂದೊಂದೇ ಹೇಳು” ಅಂದೆ.

ಒಂದು ಮಾತು, ಮೂರು ಅರ್ಥ

ನಮ್ಮ ಮನೆತನದ ಭಾಷೆಯ ಲೆಕ್ಕ ಗಡಿನಾಡಿನ ಓದುಗರಿಗೆ ಹೊಸದಲ್ಲ. ಮನೆಯೊಳಗೆ ತೆಲುಗು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ತಂಗಿಯನ್ನು ಕೊಟ್ಟದ್ದು ಅಕ್ಕಲಕೋಟ ತಾಲೂಕಿನ ಹಳ್ಳಿಗೆ. ಹುಡುಗಿ ಅಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಕಲಿತಳು. 1967ರಲ್ಲಿ ಪುಣೆಯಲ್ಲಿ ಶುರುವಾದ ಬಾಲಭಾರತಿ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡದಲ್ಲೂ ತೆಲುಗಿನಲ್ಲೂ ಶಾಲಾ ಪುಸ್ತಕ ಅಚ್ಚು ಹಾಕುತ್ತದೆ. ಅದು ದೊಡ್ಡ ಉಪಕಾರ. ಆದರೆ ಹತ್ತು ಮುಗಿದ ಮೇಲೆ ವಿಜ್ಞಾನಕ್ಕೆ ಹೋದರೆ ಆ ಸೇತುವೆ ಕಡಿದುಹೋಗುತ್ತದೆ. ಪುಸ್ತಕ ಇಂಗ್ಲಿಷ್, ಮಾಸ್ತರರು ಬಿಡಿಸಿ ಹೇಳುವುದು ಮರಾಠಿ.

ಹುಡುಗಿ ಒಂದು ಉದಾಹರಣೆ ಕೊಟ್ಟಳು. ಕನ್ನಡ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ ಅಂತ ಓದಿದ್ದಳು. ನೀರಿನಲ್ಲಿ ಕರಗುವ ಪ್ರತ್ಯಾಮ್ಲವೇ ಕ್ಷಾರ. ತೆಲುಗು ಪುಸ್ತಕದಲ್ಲಂತೂ ಪ್ರತ್ಯಾಮ್ಲಕ್ಕೇ ಕ್ಷಾರ ಅನ್ನುತ್ತಾರೆ. ಮರಾಠಿಯಲ್ಲಿ ‘ಕ್ಷಾರ’ ಅಂದರೆ ಲವಣ! ಆಮ್ಲ ಮತ್ತು ಆಮ್ಲಾರಿ ಕೂಡಿದರೆ ಕ್ಷಾರ ಮತ್ತು ನೀರು ಆಗುತ್ತದೆ ಅಂತ ಮರಾಠಿ ಪಾಠ. “ಆಮ್ಲಕ್ಕ ಕ್ಷಾರ ಹಾಕಿದರ ಮತ್ತ ಕ್ಷಾರನ ಹ್ಯಾಂಗ ಬರ್ತದ ಅಂತ ಒಂದು ವಾರ ತಲಿ ಕೆಡಿಸಿಕೊಂಡೆ ಮಾಮಾ. ಕೇಳಾಕ ನಾಚಿಕಿ ಬಂತು” ಅಂದಳು.

ನೋಡಿ, ಇದು ಬುದ್ಧಿಯ ಕೊರತೆಯೋ, ಮಾತಿನ ತೊಡಕೋ?

ಪ್ರಯೋಗದ ಕಥೆಯೂ ಅಷ್ಟೇ. ಹನ್ನೊಂದು, ಹನ್ನೆರಡರಲ್ಲಿ ಅವಳು ಹೋದ ಕಡೆ ಪ್ರಾಕ್ಟಿಕಲ್ ನಡೆದದ್ದು ಜರ್ನಲ್ಲಿನ ಹಾಳೆಯ ಮೇಲೆ. ಹಿಂದಿನವರ ಅಂಕಿ ನೋಡಿ ಬರೆದುಕೊಂಡದ್ದೇ ಪ್ರಯೋಗ. ಬಿ.ಎಸ್ಸಿ.ಗೆ ಬಂದು ಮೊದಲ ಸಲ ಬ್ಯುರೆಟ್ಟಿನ ನಲ್ಲಿ ತಿರುಗಿಸಿದಾಗ ಕೈ ನಡುಗಿತಂತೆ. ಆಮ್ಲದೊಳಗೆ ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಮೇಲಿಂದ ಕಾಸ್ಟಿಕ್ ಸೋಡಾ ನೀರು ಬಿಡಬೇಕು. ತೆಳು ಗುಲಾಬಿ ಬಂದು ನಿಂತಿತೋ, ಅಲ್ಲಿಗೇ ನಲ್ಲಿ ಬಂದ್. ಇವಳದು ಪ್ರತಿ ಸಲವೂ ಒಂದು ಹನಿ ಹೆಚ್ಚಾಗಿ ಜಾತ್ರೆಯ ಗುಲಾಲಿನಂತೆ ಕೆಂಪಾಗುತ್ತಿತ್ತು.

ಅಜ್ಜನ ಬಕೆಟ್ಟು

ನಮ್ಮ ಸೋದರಮಾವ ಆತನಕ ಪಡಸಾಲೆಯಲ್ಲಿ ಸುಮ್ಮನೆ ಕೇಳುತ್ತ ಕೂತಿದ್ದ. ಸೊಲ್ಲಾಪುರದ ಚಾದರ, ಟವೆಲ್ಲು ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದ್ದು ವ್ಯಾಪಾರಿ ಮಿತ್ರರಿಗೆ ಗೊತ್ತೇ ಇದೆ. ಆ ಹೆಸರಿನ ಹಿಂದೆ ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರ ಬೆವರಿದೆ. ನಮ್ಮ ಮಾವ ಮಾತ್ರ ಮಗ್ಗದವನಲ್ಲ, ಬಣ್ಣದವನು. ವಯಸ್ಸು ಎಪ್ಪತ್ತು ದಾಟಿದೆ. ನೂಲಿಗೆ ಬಣ್ಣ ಹಾಕುತ್ತಲೇ ಆಯುಷ್ಯ ಕಳೆದ. ಓದಿದ್ದು ನಾಲ್ಕನೇ ಇಯತ್ತೆ, ಅದೂ ತೆಲುಗಿನಲ್ಲಿ.

ಮರುದಿನ ಮುಂಜಾನೆ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು ಇಟ್ಟ. ಬಿಸಿನೀರು, ಒಂದಿಷ್ಟು ಕಾಸ್ಟಿಕ್, ಚಿಟಿಕೆ ನೀಲಿ ಪುಡಿ. ಮೇಲೆ ‘ಹೈಡ್ರೋ’ ಹಾಕಿ ಡಬ್ಬಿಯ ಮುಚ್ಚಳ ಗಟ್ಟಿ ಮಾಡಿದ. ಅದಕ್ಕೆ ಹಸಿ ತಾಗಿದರೆ ಬೆಂಕಿ ಹತ್ತೀತು ಅಂದ. ಸ್ವಲ್ಪ ಹೊತ್ತಿಗೆ ನೀಲಿ ನೀರು ಹಳದಿ ಹಸಿರಾಯಿತು. ಬಿಳಿ ಕರವಸ್ತ್ರ ಅದ್ದಿ ಕೋಲಿನಿಂದ ಎತ್ತಿದ. ಅದೂ ಹಳದಿ ಹಸಿರೇ. ಹುಡುಗಿ “ನೀಲಿ ಎಲ್ಲಿ ತಾತಾ?” ಅಂತ ಕೇಳಿದಳು.

“ಗಾಲಿ ತಗಲನೀ” ಅಂದ ಮಾವ. ಗಾಳಿ ತಾಗಲಿ ಬಿಡು ಅಂತ.

ನಾವು ನೋಡ ನೋಡುತ್ತಿದ್ದಂತೆ ಬಟ್ಟೆ ಅಂಚಿನಿಂದ ನೀಲಿಯಾಗುತ್ತ ಬಂತು. ಹುಡುಗಿ ಎದ್ದು ನಿಂತಳು. “ಮಾಮಾ, ರಿಡಕ್ಷನ್ನು, ಆಕ್ಸಿಡೇಶನ್ನು ಅಂದರ ಇದಽ! ಹೈಡ್ರೋ ಎಲೆಕ್ಟ್ರಾನ್ ಕೊಟ್ಟು ನೀಲಿನ ನೀರಾಗ ಕರಗಸ್ತು. ಗಾಳಿಯೊಳಗಿನ ಆಕ್ಸಿಜನ್ನು ಅದನ್ನ ತಿರುಗಿ ಕಸಗೊಂಡ್ತು” ಅಂದಳು. ಕರಗದ ಬಣ್ಣ ನೂಲಿನೊಳಗೆ ಸಿಕ್ಕಿಕೊಳ್ಳುವುದರಿಂದಲೇ ಅದು ತೊಳೆದರೂ ಹೋಗುವುದಿಲ್ಲ. ಮಾವನಿಗೆ ಎಲೆಕ್ಟ್ರಾನ್ ಗೊತ್ತಿಲ್ಲ, ಇವಳಿಗೆ ತೊಟ್ಟಿ ಗೊತ್ತಿರಲಿಲ್ಲ. ಆ ಮುಂಜಾನೆ ಇಬ್ಬರಿಗೂ ಲಾಭವಾಯಿತು.

ಮಾವ ಮತ್ತೂ ಒಂದು ಹೇಳಿದ. 1956ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ರಿಯಾಕ್ಟಿವ್ ಬಣ್ಣಗಳು ಈಗ ಹತ್ತಿ ಟವೆಲ್ಲಿಗೆ ಬಹಳ ಬಳಕೆಯಲ್ಲಿವೆ. ಮೊದಲು ಉಪ್ಪು ಹಾಕಿ ಬಣ್ಣ ನೂಲಿಗೆ ಹತ್ತಿಸಬೇಕು, ಆಮೇಲೆ ಸೋಡಾ ಹಾಕಬೇಕು. ಅವಸರ ಮಾಡಿ ಮೊದಲೇ ಸೋಡಾ ಹಾಕಿದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಮಾಲು ಕೆಡುತ್ತದೆ. ಯಾಕೆ ಅಂತ ಹುಡುಗಿ ತನ್ನ ಪುಸ್ತಕದಲ್ಲಿ ಹುಡುಕಿದಳು. ಸೋಡಾದ ಕ್ಷಾರ ಗುಣ ಬಂದಾಗಲೇ ಹತ್ತಿಯ ನಾರು ಬಣ್ಣದ ಅಣುವಿನ ಜೊತೆ ಗಟ್ಟಿ ಬಂಧ ಕಟ್ಟುತ್ತದೆ. ಒಮ್ಮೆ ಕಟ್ಟಿದ ಮೇಲೆ ಅದು ಸರಿದಾಡುವುದಿಲ್ಲ.

ನೂರು ಕಾಳಿನ ತೂಕ

ಇನ್ನು ‘ಮೋಲ್’. ಮೊದಲ ವರ್ಷದವರನ್ನು ಅಳಿಸುವ ಮಾತು ಇದೇ ಅಂತೆ. 6.022 ರ ಮುಂದೆ ಹತ್ತರ ಇಪ್ಪತ್ತಮೂರನೇ ಘಾತ. ಹುಡುಗಿ ಅದನ್ನು ಬಾಯಿಪಾಠ ಮಾಡಿದ್ದಳು, ಯಾತಕ್ಕೆ ಅಂತ ಗೊತ್ತಿರಲಿಲ್ಲ. ಅವಳು ಓದಿ ಹೇಳಿದ್ದನ್ನು ಕೇಳಿ ನನಗೆ ಬಿತ್ತುವ ಲೆಕ್ಕ ನೆನಪಾಯಿತು. ನೂರು ತೊಗರಿ ಕಾಳು ಸುಮಾರು ಹತ್ತು ಗ್ರಾಂ ತೂಗಿದರೆ, ನೂರು ಜೋಳದ ಕಾಳು ಸುಮಾರು ಮೂರು ಗ್ರಾಂ. ಕಾಳಿನ ಎಣಿಕೆ ಒಂದೇ, ತೂಕ ಬೇರೆ. ನಾವು ಬೀಜ ಕೊಳ್ಳುವುದು ತೂಕದ ಮೇಲೆ, ಸಸಿ ಬರುವುದು ಎಣಿಕೆಯ ಮೇಲೆ. ಕೆಮಿಸ್ಟ್ರಿಯಲ್ಲೂ ಹಾಗೇ. 40 ಗ್ರಾಂ ಕಾಸ್ಟಿಕ್ ಸೋಡಾಕ್ಕೆ ಜೊತೆಯಾಗುವುದು 36.5 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ. ತೂಕ ಬೇರೆಯಾದರೂ ಎರಡರಲ್ಲೂ ಎಣಿಕೆ ಒಂದೇ, ಒಂದು ಮೋಲ್. “ಇಷ್ಟಽ ಏನ್ರಿ ಮಾಮಾ?” ಅಂದಳು. ಇಷ್ಟೇ ಅಲ್ಲದಿರಬಹುದು, ಆದರೆ ಬಾಗಿಲು ತೆರೆಯಲು ಇಷ್ಟು ಸಾಕಾಯಿತು.

ದೀಪಾವಳಿ ಸೂಟಿಗೆ ನಮ್ಮ ಊರಿಗೆ ಬಂದಳು. ಆಳಂದ ಕಡೆ ನನ್ನದು ಒಂದೂವರೆ ಎಕರೆ ದ್ರಾಕ್ಷಿ. ಚಾಟ್ನಿ ಮುಗಿದು ಬೋರ್ಡೊ ದ್ರಾವಣ ಕಲಸುತ್ತಿದ್ದೆ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ತಿಕ್ಕಿದ ಕುಡಗೋಲಿನ ತುದಿ ಅದ್ದಿ ನೋಡುವುದು ನಮ್ಮ ಪದ್ಧತಿ. ಕೆಂಪು ಕಲೆ ಹತ್ತಿದರೆ ಸುಣ್ಣ ಕಡಿಮೆ, ಎಲೆ ಸುಡುತ್ತದೆ. ಹುಡುಗಿ ಕುಡಗೋಲು ಇಸಿದುಕೊಂಡು ನೋಡಿದಳು. ಕಬ್ಬಿಣ ಕರಗಿ ತಾಮ್ರ ಮೇಲೆ ಕೂತದ್ದು, ಸುಣ್ಣ ಆಮ್ಲವನ್ನು ತಣಿಸಿದ್ದು, ಎರಡನ್ನೂ ಬಿಡಿಸಿ ಹೇಳಿದಳು. ಇಷ್ಟು ವರ್ಷ ಮಾಡಿದ ಕೆಲಸದ ಕಾರಣ ನನಗೆ ಗೊತ್ತಾದದ್ದು ಅಂದೇ.

ಮಾಡಬೇಕಾದ್ದು ಏನು?

ಆ ಹುಡುಗಿ ಈಗ ಮೂರನೆಯ ವರ್ಷದಲ್ಲಿದ್ದಾಳೆ, ಕೆಮಿಸ್ಟ್ರಿಯನ್ನೇ ಮುಖ್ಯ ವಿಷಯ ಮಾಡಿಕೊಂಡಿದ್ದಾಳೆ. ಮೊದಲ ಸೆಮಿಸ್ಟರಿನಲ್ಲಿ ಹೇಗೋ ಪಾಸಾದಳು, ಎರಡನೆಯದರಲ್ಲಿ ಚಲೋ ಅಂಕ ಬಂದವು. ಆದರೆ ಅವಳಿಗೆ ಬಣ್ಣದ ತಾತ ಇದ್ದ. ಇಲ್ಲದವರ ಗತಿ? ಅವಳ ಜೊತೆ ಸೇರಿದ ಕನ್ನಡ ಶಾಲೆಯ ಹುಡುಗ ಒಬ್ಬ ವರ್ಷದ ನಡುವೆಯೇ ಬಿಟ್ಟುಹೋದ.

ಭಾಷೆಯಿಂದ ಆಗದ ಮಾತು ಇದೇನಲ್ಲ. ನಮ್ಮ ಆಳಂದ ನಿಜಾಮನ ರಾಜ್ಯದಲ್ಲಿದ್ದಾಗ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಡಿಗ್ರಿಯ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸಿತು. ಪುಸ್ತಕ ಅನುವಾದಕ್ಕೆ ಬೇರೆ ಇಲಾಖೆಯನ್ನೇ ಇಟ್ಟಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಶುರು ಮಾಡಿದರು. 2020ರ ಶಿಕ್ಷಣ ನೀತಿಯೂ ಮಾತೃಭಾಷೆಯ ಮಾತಾಡುತ್ತದೆ. ಸೊಲ್ಲಾಪುರಕ್ಕೆ 2004ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಈ ಒಂದು ಜಿಲ್ಲೆಯ ಮಕ್ಕಳಿಗಾಗಿಯೇ ಇರುವಂಥದು.

ಇಂಗ್ಲಿಷ್ ಬೇಡ ಅಂತ ನಾನು ಹೇಳುವುದಿಲ್ಲ. ಮುಂದೆ ಕೆಲಸಕ್ಕೆ ಅದು ಬೇಕು. ನಾನು ಕೇಳುವುದು ಮೂರೇ. ಮೊದಲ ತಿಂಗಳು ವಾರಕ್ಕೆ ಎರಡು ತಾಸು ಕನ್ನಡ, ತೆಲುಗು ಬಲ್ಲ ಹಿರಿಯ ವಿದ್ಯಾರ್ಥಿಗಳಿಂದ ಪಾಠ. ಪ್ರಯೋಗಶಾಲೆಯ ಗೋಡೆಗೆ ನಾಲ್ಕು ಭಾಷೆಯ ಪದಗಳ ಪಟ್ಟಿ. ವರ್ಷಕ್ಕೆ ಒಂದು ದಿನ ಎಂಐಡಿಸಿಯ ಬಣ್ಣದ ಮನೆಗೆ ಭೇಟಿ. ಕಾರಖಾನೆ ನಡೆಸುವ ಓದುಗರು ಮನಸ್ಸು ಮಾಡಿದರೆ ಮೂರನೆಯದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ರೈತ ಬಂಧುಗಳಿಗೂ ಒಂದು ಮಾತು. ಮೊದಲ ಪರೀಕ್ಷೆಯ ಅಂಕ ನೋಡಿ ಮಕ್ಕಳನ್ನು ಬಿಡಿಸಬೇಡಿ. ತಿಳಿಯದ್ದು ಯಾವುದು ಅಂತ ಎದುರು ಕೂಡಿಸಿಕೊಂಡು ಕೇಳಿ.

ನಮ್ಮ ಹುಡುಗಿ ಇಂಗ್ಲಿಷ್, ಕನ್ನಡ, ತೆಲುಗು, ಮರಾಠಿ ಅಂತ ನಾಲ್ಕು ಗೆರೆ ಹಾಕಿ ಒಂದು ನೋಟ್‌ಬುಕ್ ಬರೆದಿಟ್ಟಿದ್ದಾಳೆ. ಮೊದಲ ಪುಟದಲ್ಲೇ ‘ಕ್ಷಾರ’ ಇದೆ, ಮೂರು ಅರ್ಥದ ಸಹಿತ. ಈ ವರ್ಷ ಸೇರಿದ ಅಕ್ಕಲಕೋಟ ತಾಲೂಕಿನ ಮೂವರು ಮಕ್ಕಳು ಅದರ ಝೆರಾಕ್ಸ್ ಒಯ್ದಿದ್ದಾರೆ.