ಗೋಡೆಯ ಬೂಷ್ಟು, ಚೀಲದ ಬೂಷ್ಟು



ಪುನರ್ವಸು, ಪುಷ್ಯ ಮಳೆ ಕಳೆಯುವ ಹೊತ್ತಿಗೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಗೋಡೆಯ ಬುಡ ಕಪ್ಪಾಗಿ, ಒಳಕೋಣೆಯಲ್ಲಿ ಮುಗ್ಗಲು ವಾಸನೆ ನಿಂತುಬಿಡುತ್ತದೆ. “ಮಳೆಗಾಲ, ಇದ್ದದ್ದೇ ಬಿಡಿ ಸ್ವಾಮಿ” ಅಂತ ಸುಮ್ಮನಾಗುತ್ತೇವೆ. ಆದರೆ ಆ ಕಪ್ಪು ಬರೀ ಕೊಳೆಯಲ್ಲ, ಜೀವವಿರುವ ಬೂಷ್ಟು. ತೇವ ಇರುವಷ್ಟು ದಿನ ಅದು ಬೆಳೆಯುತ್ತದೆ. ಕಣ್ಣಿಗೆ ಕಾಣದ ಪುಡಿಯನ್ನು ಗಾಳಿಗೆ ಬಿಡುತ್ತದೆ. ಆ ಪುಡಿ ಮೂಗಿಗೆ ಹೋದರೆ ಕೆಲವರಿಗೆ ಸೀನು, ನೆಗಡಿ, ಕೆಮ್ಮು. ಉಬ್ಬಸದವರಿಗೆ ಉಬ್ಬಸ ಕೆರಳುತ್ತದೆ. ಎಲ್ಲ ಕೆಮ್ಮೂ ಬೂಷ್ಟಿನದಲ್ಲ, ನಿಜ. ಎರಡು ವಾರ ಮೀರಿದ ಕೆಮ್ಮನ್ನು ಡಾಕ್ಟರಿಗೆ ತೋರಿಸಲೇಬೇಕು.

ಹಬ್ಬ ಬಂತೆಂದು ಬೂಷ್ಟಿನ ಮೇಲೇ ಸುಣ್ಣ ಹೊಡೆಯುವುದುಂಟು. ಕೆಲವೇ ವಾರದಲ್ಲಿ ಕಪ್ಪು ಮತ್ತೆ ಮೇಲೇಳುತ್ತದೆ. ಸುಣ್ಣವೂ ಹಾಳು, ಕೂಲಿಯೂ ಹಾಳು. ಮೊದಲು ಮನೆಯ ಸುತ್ತ ಒಂದು ಸುತ್ತು ಬನ್ನಿ. ಹೆಂಚು ಒಡೆದಿದೆಯೇ? ಸೂರಿನ ನೀರು ಗೋಡೆಯ ಬುಡಕ್ಕೆ ಸಿಡಿಯುತ್ತದೆಯೇ? ಗೊಬ್ಬರದ ರಾಶಿ ಗೋಡೆಗೆ ಒತ್ತಿಕೊಂಡಿದೆಯೇ? ಹೆಂಚು ಬದಲಿಸಿ, ರಾಶಿ ಸರಿಸಿ, ನೀರು ಆಚೆ ಹರಿಯುವಂತೆ ಕಾಲುವೆ ತೆಗೆಯಿರಿ. ಮಳೆ ಹೊಳವಾದಾಗ ಕಿಟಕಿ ಬಾಗಿಲು ತೆರೆದಿಡಿ.

ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಪುಡಿಯೆಲ್ಲ ಎದ್ದು ಮನೆ ತುಂಬುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಒರೆಸಿ. ಮಣ್ಣಿನ ಗೋಡೆಯಾದರೆ ಸ್ವಲ್ಪ ನೀರು ಚಿಮುಕಿಸಿ, ಮೇಲಿನ ಪದರ ಕೆರೆದು ಹೊರಗೆ ಹಾಕಿ, ಹೊಸ ಮಣ್ಣು ಮೆತ್ತಿ. ಗೋಡೆ ಪೂರ್ತಿ ಒಣಗಿದ ಮೇಲೆಯೇ ಸುಣ್ಣ. ಈ ಕೆಲಸಕ್ಕೆ ಉಬ್ಬಸದವರು ಬೇಡ.

ಇನ್ನೊಂದು ಮಾತು, ನನ್ನನ್ನು ಕೇಳಿದರೆ ಇದೇ ದೊಡ್ಡದು. ಆ ಒದ್ದೆ ಗೋಡೆಗೆ ಒರಗಿಸಿಟ್ಟ ಮುಸುಕಿನ ಜೋಳದ ಚೀಲಕ್ಕೂ ಶೇಂಗಾ ಚೀಲಕ್ಕೂ ತೇವ ಏರುತ್ತದೆ. ಕಾಳಿಗೆ ಹಿಡಿಯುವ ಬೂಷ್ಟಿನಲ್ಲಿ ಕೆಲವು ಜಾತಿಯವು ಅಫ್ಲಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. ಅದು ಈಲಿಯನ್ನು ಕೆಡಿಸುತ್ತದೆ. ತೊಳೆದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ, ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು, ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಅನ್ನ ತಿಂದ ಮನೆಯ ನಾಯಿಗಳೂ ಸತ್ತವು.

ಹಾಗಾಗಿ ಮುಗ್ಗಿದ ಕಾಳನ್ನು “ದನಕ್ಕಾದರೂ ಆಗ್ತದೆ” ಅಂತ ಇಟ್ಟುಕೊಳ್ಳಬೇಡಿ. ಹಸು ತಿಂದರೆ ಆ ವಿಷದ ಅಂಶ ಹಾಲಿಗೆ ಬರುತ್ತದೆ. ಆ ಹಾಲು ಕುಡಿಯುವುದು ನಿಮ್ಮ ಮಕ್ಕಳೇ. ಗುಂಡಿ ತೋಡಿ ಹೂಳಿಬಿಡಿ. ಒಳ್ಳೆಯ ಕಾಳನ್ನು ಬಿಸಿಲು ಸಿಕ್ಕಿದಾಗ ಚೆನ್ನಾಗಿ ಒಣಗಿಸಿ. ಶೇಂಗಾ ಕಾಯಿ ಅಲುಗಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ.