ಚಿಯಾ ಬೀಜ: ಬಳಕೆ ಮತ್ತು ಪೋಷಣಮೌಲ್ಯ

ಚಿಯಾ ನಮ್ಮ ತುಲಸಿಯ ಕುಟುಂಬಕ್ಕೆ ಸೇರಿದ ವಾರ್ಷಿಕ ಸಸ್ಯ. 1753ರಲ್ಲಿ ಲಿನೇಯಸನು ಇದಕ್ಕೆ ‘ಸಾಲ್ವಿಯ ಹಿಸ್ಪಾನಿಕ’ ಎಂದು ನಾಮಕರಣ ಮಾಡಿದನು. ಹೆಸರು ಸ್ಪೇನ್ ದೇಶವನ್ನು ಸೂಚಿಸಿದರೂ ಇದರ ತವರು ಮೆಕ್ಸಿಕೋ ಮತ್ತು ಗ್ವಾಟೆಮಾಲ.

ಅಜ್ಟೆಕ್ ಚಕ್ರವರ್ತಿಗಳಿಗೆ ಪ್ರಾಂತಗಳು ಸಲ್ಲಿಸುತ್ತಿದ್ದ ಕಪ್ಪಕಾಣಿಕೆಗಳಲ್ಲಿ ಮೆಕ್ಕೆಜೋಳ ಮತ್ತು ರಾಜಗಿರಿಯೊಡನೆ ಚಿಯಾ ಬೀಜವೂ ಇದ್ದಿತೆಂಬುದು ಹದಿನಾರನೆಯ ಶತಮಾನದ ಮೆಂಡೋಸ ಹಸ್ತಪ್ರತಿಯಿಂದ ತಿಳಿದುಬರುತ್ತದೆ. ಅಲ್ಲಿಯ ಜನರು ಬೀಜವನ್ನು ಹುರಿದು ಹಿಟ್ಟು ಮಾಡುತ್ತಿದ್ದರು. ನೀರಿನಲ್ಲಿ ಕಲಸಿ ಕುಡಿಯುತ್ತಿದ್ದರು. ಇದರ ಎಣ್ಣೆಯು ಮರದ ಸಾಮಾನುಗಳ ಅರಗಿನ ಕೆಲಸಕ್ಕೆ ಒದಗುತ್ತಿದ್ದಿತು. ನಿಂಬೆರಸ ಬೆರೆಸಿದ ಚಿಯಾ ಪಾನಕವು ಮೆಕ್ಸಿಕೋದಲ್ಲಿ ಇಂದಿಗೂ ರೂಢಿಯಲ್ಲಿದೆ.

ನೂರು ಗ್ರಾಂ ಬೀಜದಲ್ಲಿ ಸುಮಾರು 17 ಗ್ರಾಂ ಸಸಾರಜನಕ, 31 ಗ್ರಾಂ ಕೊಬ್ಬು, 34 ಗ್ರಾಂ ನಾರು, 630 ಮಿಲಿಗ್ರಾಂ ಕ್ಯಾಲ್ಸಿಯಂ ಇವೆ. ಕೊಬ್ಬಿನ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ-ಲಿನೋಲೆನಿಕ್ ಆಮ್ಲ. ಇದು ಒಮೇಗಾ-3 ವರ್ಗಕ್ಕೆ ಸೇರಿದ್ದು. ಆದರೆ ಮೀನೆಣ್ಣೆಯಲ್ಲಿ ದೊರೆಯುವ ಒಮೇಗಾ-3 ಆಮ್ಲಗಳಾಗಿ ನಮ್ಮ ದೇಹದಲ್ಲಿ ಮಾರ್ಪಡುವುದು ಇದರ ಅಲ್ಪಾಂಶ ಮಾತ್ರ.

ಈ ಅಂಕಿಗಳನ್ನು ಓದುವಾಗ ಒಂದು ವಿಷಯವನ್ನು ಮರೆಯಬಾರದು. ಚಿಯಾವನ್ನು ಯಾರೂ ದಿನಕ್ಕೆ ನೂರು ಗ್ರಾಂ ತಿನ್ನುವುದಿಲ್ಲ. ವಾಡಿಕೆಯ 15 ಗ್ರಾಮಿನಿಂದ ದೊರೆಯುವ ಕ್ಯಾಲ್ಸಿಯಂ 95 ಮಿಲಿಗ್ರಾಂ ಮಾತ್ರ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಾದರೋ ಸುಮಾರು 350 ಮಿಲಿಗ್ರಾಂ ಇರುತ್ತದೆ. ಲಿನೋಲೆನಿಕ್ ಆಮ್ಲದ ವಿಷಯದಲ್ಲಿಯೂ, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿಕೊಳ್ಳುವ ಅಗಸೆಯು ಚಿಯಾಕ್ಕೆ ಕಡಮೆಯಾದುದಲ್ಲ. ಆದುದರಿಂದ ಆಹಾರದ ಬೆಲೆಯನ್ನು ನೂರು ಗ್ರಾಮಿನ ಪಟ್ಟಿಯಿಂದಲ್ಲ, ತಟ್ಟೆಗೆ ಬರುವ ಪ್ರಮಾಣದಿಂದ ಅಳೆಯಬೇಕು. ಹಾಗೆ ಅಳೆದಾಗ ಚಿಯಾದಲ್ಲಿ ಎದ್ದು ಕಾಣುವ ಗುಣ ಅದರ ನಾರು: 15 ಗ್ರಾಮಿನಲ್ಲಿ 5 ಗ್ರಾಂ.

ನೀರು ತಾಗಿದೊಡನೆ ಬೀಜದ ಸುತ್ತ ಲೋಳೆ ಮೂಡಿ, ಅದು ತನ್ನ ತೂಕದ ಸುಮಾರು ಹತ್ತರಷ್ಟು ನೀರನ್ನು ಹೀರುತ್ತದೆ. ಒಣಬೀಜವನ್ನು ಹಾಗೆಯೇ ನುಂಗಿದರೆ ಅದು ಅನ್ನನಾಳದಲ್ಲಿ ಉಬ್ಬಿ ಅಪಾಯವಾಗಬಹುದು. ನೆನೆಸಿಯೇ ಸೇವಿಸುವುದು ಕ್ಷೇಮ. ಕಾಮಕಸ್ತೂರಿಯ ಬೀಜವೂ ಹೀಗೆಯೇ ಲೋಳೆಗೂಡುವುದರಿಂದ ಕೆಲವರು ಎರಡನ್ನೂ ಒಂದೆಂದು ಭಾವಿಸುವರು. ಆದರೆ ಅವು ಬೇರೆ ಬೇರೆ ಸಸ್ಯಗಳ ಬೀಜಗಳು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಪ್ರೋತ್ಸಾಹದಿಂದ ಈ ಭಾಗದ ರೈತರೂ ಚಿಯಾ ಬೆಳೆದಿದ್ದಾರೆ. ಹೊಸ ಬೆಳೆ ಸ್ವಾಗತಾರ್ಹವೇ ಸರಿ. ಅದು ರಾಗಿ ಅಗಸೆಗಳ ಜೊತೆಗೆ ಬರಲಿ, ಅವುಗಳ ಸ್ಥಾನಕ್ಕಲ್ಲ.