ಪರ್ವತಚಿತ್ರಗಳಲ್ಲಿ ವರ್ಣವೂ ಬೆಳಕೂ

ಹಿಮಾಲಯದ ಚಿತ್ರಗಳನ್ನು ನೋಡಿದ ಕೆಲವರು, ಬೆಟ್ಟವೆಲ್ಲಿಯಾದರೂ ಇಷ್ಟು ನೇರಳೆಯಾಗಿರುವುದುಂಟೆ ಎಂದು ಆಕ್ಷೇಪಿಸುವುದುಂಟು. ಬಂಡೆ ಕಂದು, ಹಿಮ ಬಿಳುಪು. ಮಿಕ್ಕುದೆಲ್ಲ ಚಿತ್ರಕಾರನ ಕಲ್ಪನೆಯೆಂಬುದು ಅವರ ಭಾವನೆ. ಈ ಆಕ್ಷೇಪಣೆಗೆ ಉತ್ತರವನ್ನು ನಾವು ಮೊದಲು ವಾಯುಮಂಡಲದಲ್ಲಿ ಹುಡುಕಬೇಕು.

ನಮಗೂ ದೂರದ ಬೆಟ್ಟಕ್ಕೂ ನಡುವಣ ಗಾಳಿಯು ಸೂರ್ಯಪ್ರಕಾಶದ ನೀಲಕಿರಣಗಳನ್ನು ಕೆಂಪು ಕಿರಣಗಳಿಗಿಂತ ಹೆಚ್ಚಾಗಿ ಚೆದರಿಸುತ್ತದೆ. ಆದುದರಿಂದ ಕಾಡು ತುಂಬಿದ ಕಪ್ಪು ಬೆಟ್ಟವು ದೂರವಾದಂತೆಲ್ಲ ನೀಲಿಯ ತೆರೆಯನ್ನು ಹೊದೆಯುವುದು. ಹಿಮಶಿಖರದ ವಿಷಯ ಬೇರೆ. ಅಲ್ಲಿಂದ ಹೊರಟ ಉಜ್ಜ್ವಲವಾದ ಬೆಳಕು ತನ್ನ ನೀಲಾಂಶವನ್ನು ದಾರಿಯಲ್ಲಿ ಕಳೆದುಕೊಂಡು, ನಮ್ಮನ್ನು ಸೇರುವಷ್ಟರಲ್ಲಿ ತುಸು ಹಳದಿಗೆ ತಿರುಗಿರುತ್ತದೆ. ಉದಯಾಸ್ತಗಳ ಸಮಯದಲ್ಲಿ ಸೂರ್ಯಕಿರಣಗಳು ಇನ್ನೂ ದೀರ್ಘವಾದ ಹಾದಿಯನ್ನು ಗಾಳಿಯಲ್ಲಿ ಕ್ರಮಿಸಬೇಕಾಗುವುದರಿಂದ ಶಿಖರವು ಕೆಂಪಾಗುತ್ತದೆ. ಅದೇ ಹೊತ್ತಿನಲ್ಲಿ ನೆರಳಿನ ಹಿಮಕ್ಕೆ ಆಕಾಶದ ಬೆಳಕೊಂದೇ ಗತಿಯಾದುದರಿಂದ ಅದು ನೀಲಿಯಾಗಿ ತೋರುತ್ತದೆ. ಈ ಕೆಂಪೂ ನೀಲಿಯೂ ಕೂಡಿದೆಡೆಯಲ್ಲಿ ನೇರಳೆ ಹುಟ್ಟುವುದು ಸಹಜವೇ ಆಗಿದೆ.

ಈ ಸತ್ಯವನ್ನು ರಸವಾಗಿ ಪರಿಣಮಿಸಿದವರಲ್ಲಿ ರಷ್ಯಾ ದೇಶದ ನಿಕೊಲಾಸ್ ರೋರಿಕರು (1874–1947) ಪ್ರಮುಖರು. 1923ರ ಕೊನೆಯಲ್ಲಿ ಭಾರತಕ್ಕೆ ಬಂದ ಅವರು, 1928ರಿಂದ ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿದರು. ಅವರು ಬಹಳವಾಗಿ ಬಳಸಿದುದು ಟೆಂಪೆರಾ ವರ್ಣಗಳನ್ನು. ಇವು ತೈಲವರ್ಣದಂತೆ ಮಿರುಗದೆ ಮಂಕಾಗಿ ಒಣಗುವುದರಿಂದ, ಬಣ್ಣವು ಮೇಲ್ಮೈಯ ಹೊಳಪಿನ ಅಡ್ಡಿಯಿಲ್ಲದೆ ಕಣ್ಣಿಗೆ ಮುಟ್ಟುತ್ತದೆ. ಎತ್ತರದ ಪ್ರದೇಶದ ತೆಳುಗಾಳಿಯಲ್ಲಿ ದೂರದ ಬೆಟ್ಟಗಳ ಅಂಚೂ ಸ್ಪಷ್ಟವಾಗಿಯೇ ಕಾಣುತ್ತದೆ. ಆದ್ದರಿಂದ ರೋರಿಕರು ಅಂಚುಗಳನ್ನು ಮಸುಕುಗೊಳಿಸದೆ, ಸಾಲಿನ ಹಿಂದೆ ಸಾಲಾಗಿ ಒಂದೊಂದು ಬೆಟ್ಟಕ್ಕೆ ಒಂದೊಂದು ಛಾಯೆಯನ್ನು ಕೊಟ್ಟು ದೂರವನ್ನು ಸೂಚಿಸಿದರು.

ಅವರು ಮತ್ತೆ ಮತ್ತೆ ಚಿತ್ರಿಸಿದ ಕಾಂಚನಜಂಗಾ ಶಿಖರದ ಎತ್ತರ 8,586 ಮೀಟರುಗಳು. ಕಣಿವೆಯಲ್ಲಿ ಕತ್ತಲು ಕವಿದ ಬಳಿಕವೂ ಇಂಥ ಶಿಖರದಲ್ಲಿ ಬಿಸಿಲು ಕೆಲವು ಕ್ಷಣ ಉಳಿದಿರುತ್ತದೆ. ಕೆಳಗೆ ತಣ್ಣನೆಯ ನೀಲಿ, ಮೇಲೆ ಹೊಂಬಣ್ಣ: ಕಣ್ಣು ತಾನಾಗಿಯೇ ಕತ್ತಲಿನಿಂದ ಬೆಳಕಿನೆಡೆಗೆ ಏರುತ್ತದೆ. ಭಕ್ತಿಯೆನ್ನಿ, ಶಾಂತಿಯೆನ್ನಿ, ಅಂಥ ಚಿತ್ರದ ಮುಂದೆ ನಮ್ಮಲ್ಲುಂಟಾಗುವ ಭಾವಕ್ಕೆ ಈ ಏರಿಕೆಯೇ ಮೂಲ.

ಬೆಂಗಳೂರಿನವರಿಗೆ ಇದನ್ನು ಪರೀಕ್ಷಿಸುವ ಅನುಕೂಲವಿದೆ. 1960ರಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತಿನಲ್ಲಿ ಈ ಹಿರಿಯ ರೋರಿಕರ ಕೃತಿಗಳೂ, 1993ರಲ್ಲಿ ಇದೇ ನಗರದಲ್ಲಿ ತೀರಿಕೊಂಡ ಅವರ ಮಗ ಸ್ವೆತೊಸ್ಲಾವ್ ರೋರಿಕರ ಕೃತಿಗಳೂ ಇವೆ. ಅವುಗಳ ಮುಂದೆ ನಿಂತಾಗ, ಹಿಮವೆಂದರೆ ಬಿಳುಪು ಎಂಬ ಕಂಠಪಾಠವನ್ನು ನಾವು ಸ್ವಲ್ಪ ಹೊತ್ತು ಬದಿಗಿಡೋಣ. ವಸ್ತುವಿನ ಹೆಸರು ತಿಳಿದೊಡನೆ ಅದನ್ನು ನೋಡುವುದನ್ನೇ ಬಿಟ್ಟುಬಿಡುವುದು ನಮ್ಮೆಲ್ಲರ ಅಭ್ಯಾಸ. ಆ ಅಭ್ಯಾಸವನ್ನು ಬಿಡಿಸಿ ಕಣ್ಣನ್ನು ನಮಗೆ ಹಿಂದಿರುಗಿಸುವುದು ಚಿತ್ರಕಾರನು ಮಾಡುವ ದೊಡ್ಡ ಉಪಕಾರವಾಗಿದೆ.